ಕಲಾಯಿ, ತಕ್ಕಡಿ, ನ್ಯಾನೋ: ಊಟದ ಡಬ್ಬಿಯ ಕಾನೂನು ಬೆಳೆದ ಕಥೆ

ಪುಣೆಯ ಕೊಂಢವಾದಿಂದ ಮಾತಾಡ್ತಾ ಇದ್ದೇನೆ. ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಕ್ಯಾಬ್‌ನಲ್ಲಿ ಕೂತು ಓದ್ಕೋತೀವಿ ಅನ್ನೋರಿಗಾಗಿ ಎಂದಿನಂತೆ ಮಾತಿನ ಬರಹ ರೂಪ ಇಲ್ಲಿದೆ. ಮಾತಿನಲ್ಲಿ ಓಡಿಸಿಬಿಟ್ಟ ಲೆಕ್ಕಗಳನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಇವತ್ತಿನ ವಿಷಯ ಊಟದ ಡಬ್ಬಿ. ನಾವು ಆಫೀಸಿಗೆ ಒಯ್ಯೋ ಡಬ್ಬಿ, ಹೋಟೆಲಿಂದ ಸಾಂಬಾರ್ ಬರೋ ಪ್ಲಾಸ್ಟಿಕ್ ಡಬ್ಬಿ, ಮಕ್ಕಳ ನೀರಿನ ಬಾಟಲಿ, ಹಾಲಿನ ಪ್ಯಾಕೆಟ್, ಎಲ್ಲವೂ ಇದರಲ್ಲಿ ಬರುತ್ತೆ. ಇಂಥ ಡಬ್ಬಿಗಳಲ್ಲಿ ಕೆಲವದರ ಮೇಲೆ ‘ನ್ಯಾನೋ ಸಿಲ್ವರ್’, ‘ಆಂಟಿಬ್ಯಾಕ್ಟೀರಿಯಲ್’ ಅಂತ ಬರೆದಿರುತ್ತೆ. ಬೆಳ್ಳಿ ಅಂದ ತಕ್ಷಣ ನಮಗೆ ಒಳ್ಳೇದು ಅನ್ನಿಸುತ್ತೆ. ಕೂಸಿಗೆ ಬೆಳ್ಳಿ ಒಳಲೆಯಲ್ಲಿ ಹಾಲು ಕುಡಿಸಿದ ಜನ ನಾವು. ಆದರೆ ಪ್ಲಾಸ್ಟಿಕ್ಕಿನೊಳಗೆ ಬೆರೆಸಿದ ಬೆಳ್ಳಿಯ ಅತಿಸಣ್ಣ ಕಣ ಡಬ್ಬಿಯಲ್ಲೇ ಉಳಿಯುತ್ತಾ, ಸಾರಿನೊಳಗೆ ಇಳಿಯುತ್ತಾ? ಇಳಿದರೆ ಕಣವಾಗಿ ಇಳಿಯುತ್ತಾ, ಕರಗಿ ಇಳಿಯುತ್ತಾ? ಅದನ್ನು ಅಳೆದು ಹೇಳಬೇಕಾದವರು ಯಾರು?

ಇದಕ್ಕೆ ಉತ್ತರ ಹುಡುಕ್ತಾ ಹೋದರೆ ಒಂದು ಇತಿಹಾಸ ತೆರೆದುಕೊಳ್ಳುತ್ತೆ. ಊಟ ತುಂಬೋ ಪಾತ್ರೆಯ ಬಗ್ಗೆ ನಮ್ಮ ಕಾನೂನು ಮೊದಲು ಕಣ್ಣನ್ನು ನಂಬಿತು, ಆಮೇಲೆ ತಕ್ಕಡಿಯನ್ನು ನಂಬಿತು. ಈಗ ಕಣ್ಣಿಗೂ ಕಾಣದ, ತಕ್ಕಡಿಗೂ ಸರಿಯಾಗಿ ಸಿಗದ ವಸ್ತು ಬಂದು ಕೂತಿದೆ. ಈ ಮೂರು ಘಟ್ಟಗಳನ್ನು ಒಂದೊಂದಾಗಿ ನೋಡೋಣ.

ಕಣ್ಣಿನ ಕಾಲ

ಪುಣೆಯಲ್ಲಿ ಇರೋರು ಒಂದು ಭಾನುವಾರ ಕಸಬಾ ಪೇಠದ ತಾಂಬಟ್ ಆಳಿಗೆ ಹೋಗಿ ಬನ್ನಿ. ಪೇಶ್ವೆಯರ ಕಾಲದಿಂದ ತಾಮ್ರದ ಕೆಲಸ ಮಾಡಿಕೊಂಡು ಬಂದ ತಾಂಬಟರ ಕೇರಿ ಅದು. ಸುತ್ತಿಗೆಯ ಟಣ್ ಟಣ್ ಸದ್ದು ಇನ್ನೂ ಕೇಳುತ್ತೆ. ತಾಮ್ರ, ಹಿತ್ತಾಳೆ ಪಾತ್ರೆಗಳ ದೊಡ್ಡ ತೊಂದರೆ ಏನು ಅನ್ನೋದು ನಮ್ಮ ಅಜ್ಜಿಯರಿಗೆಲ್ಲ ಗೊತ್ತಿತ್ತು. ಹುಳಿ ತಾಗಿದರೆ ಕಿಲುಬು ಹಿಡಿಯುತ್ತೆ. ಹುಣಸೆಹುಳಿ ಹಾಕಿದ ಸಾರು, ಮಜ್ಜಿಗೆ, ಉಪ್ಪಿನಕಾಯಿ ಇವ್ಯಾವುದನ್ನೂ ಬರೀ ಹಿತ್ತಾಳೆಯಲ್ಲಿ ಇಡುವ ಹಾಗಿರಲಿಲ್ಲ. ಅದಕ್ಕೇ ಕಲಾಯಿ. ಪಾತ್ರೆಯನ್ನು ಕಾಯಿಸಿ, ನವಸಾಗರ ಹಾಕಿ ಒರೆಸಿ, ಒಳಮೈಗೆ ತವರವನ್ನು ತೆಳ್ಳಗೆ ಬಳಿಯೋದು. ಇಲ್ಲಿನ ಮರಾಠಿ ಜನ ‘ಕಲ್ಹಈ’ ಅಂತಾರೆ, ನಾವು ಕಲಾಯಿ ಅಂತೀವಿ. ಕೆಲಸ ಒಂದೇ.

ಇವತ್ತಿನ ಭಾಷೆಯಲ್ಲಿ ಹೇಳೋದಾದರೆ ಕಲಾಯಿ ಅನ್ನೋದು ಒಂದು ಕೋಟಿಂಗ್. ಪಾತ್ರೆಗೂ ಊಟಕ್ಕೂ ನಡುವೆ ಒಂದು ತೆಳು ಪದರ. ಅದು ಹೋಗಿದೆಯಾ ಉಳಿದಿದೆಯಾ ಅಂತ ನೋಡೋಕೆ ಯಾವ ಪ್ರಯೋಗಾಲಯವೂ ಬೇಡ. ಪಾತ್ರೆ ಒಳಗೆ ಇಣುಕಿದರೆ ಸಾಕು, ಬಿಳಿ ಹೋಗಿ ಹಳದಿ ಕಂಡರೆ ಕಲಾಯಿಯವನನ್ನು ಕರೆಯೋ ಹೊತ್ತು ಬಂತು ಅಂತ ಅರ್ಥ.

ಸ್ವತಂತ್ರ ಭಾರತದ ಮೊದಲ ದೊಡ್ಡ ಆಹಾರ ಕಾನೂನು, 1954ರ ಆಹಾರ ಕಲಬೆರಕೆ ತಡೆ ಕಾಯ್ದೆ, ಇದೇ ಜ್ಞಾನವನ್ನು ಎತ್ತಿಕೊಂಡಿತು. ಅದರಡಿ 1955ರಲ್ಲಿ ಬಂದ ನಿಯಮಗಳಲ್ಲಿ ಪಾತ್ರೆಗಳ ಬಗ್ಗೆ ಒಂದು ಪಟ್ಟಿ ಇತ್ತು. ತುಕ್ಕು ಹಿಡಿದ ಪಾತ್ರೆ ಬೇಡ. ಎನಾಮಲ್ ಚಕ್ಕೆ ಎದ್ದು ತುಕ್ಕು ಹಿಡಿದದ್ದು ಬೇಡ. ಸರಿಯಾಗಿ ಕಲಾಯಿ ಮಾಡಿಸದ ತಾಮ್ರ, ಹಿತ್ತಾಳೆ ಬೇಡ. ಓದಿದರೆ ಯಾವುದೋ ಅಜ್ಜಿ ಸೊಸೆಗೆ ಹೇಳಿದ ಹಾಗಿದೆ, ಅಲ್ವಾ? ಇನ್‌ಸ್ಪೆಕ್ಟರ್ ಹೋಟೆಲಿನ ಅಡುಗೆಮನೆಗೆ ಹೋಗಿ ಕಣ್ಣಲ್ಲಿ ನೋಡಿ ಹೇಳಬಹುದಾದ ನಿಯಮಗಳು ಅವು.

ಆ ಕಾಲದಲ್ಲೂ ಕಣ್ಣಿಗೆ ಕಾಣದ ಅಪಾಯ ಇಲ್ಲದೆ ಇರಲಿಲ್ಲ. ತವರಕ್ಕೆ ಸೀಸ ಬೆರೆಸಿದರೆ ಕಲಾಯಿ ನೋಡೋಕೆ ಬೆಳ್ಳಗೇ ಇರುತ್ತೆ, ಸೀಸ ಮಾತ್ರ ಊಟಕ್ಕೆ ಇಳಿಯುತ್ತೆ. ಕಣ್ಣಿನ ಕಾನೂನಿನ ಮಿತಿ ಅಲ್ಲೇ ಗೊತ್ತಾಗಿತ್ತು. ಅದು ದೊಡ್ಡದಾಗಿ ಬಯಲಾಗಿದ್ದು ಪ್ಲಾಸ್ಟಿಕ್ ಬಂದಾಗ.

ತಕ್ಕಡಿಯ ಕಾಲ

ಇಲ್ಲಿ ಕಥೆ ಮೈಸೂರಿಗೆ ಬರುತ್ತೆ. 1950ರ ಅಕ್ಟೋಬರ್ 21ರಂದು ಮೈಸೂರಿನ ಚೆಲುವಾಂಬ ಮಹಲಿನಲ್ಲಿ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಶುರುವಾಯಿತು. ನಾವೆಲ್ಲ ಸಿಎಫ್‌ಟಿಆರ್‌ಐ ಅಂತ ಕರೆಯೋದು. ಅದೇ ಊರಲ್ಲಿ 1961ರಲ್ಲಿ ಸೈನ್ಯದ ಊಟದ ಸಂಶೋಧನೆಗಾಗಿ ಡಿಎಫ್‌ಆರ್‌ಎಲ್ ಬಂತು. ಊಟವನ್ನು ಕೆಡದ ಹಾಗೆ ಇಡೋದು ಹೇಗೆ ಅಂತ ಕೇಳಿದರೆ ಅರ್ಧ ಉತ್ತರ ಊಟದಲ್ಲಿದೆ, ಇನ್ನರ್ಧ ಅದನ್ನು ಸುತ್ತಿದ ಪೊಟ್ಟಣದಲ್ಲಿದೆ. ಹಾಗಾಗಿ ಪ್ಯಾಕೇಜಿಂಗ್ ಅನ್ನೋದು ಮೈಸೂರಿನಲ್ಲಿ ಮೊದಲಿಂದಲೂ ಒಂದು ಶಾಸ್ತ್ರ.

ಪ್ಲಾಸ್ಟಿಕ್ ಡಬ್ಬಿಯನ್ನು ಇಣುಕಿ ನೋಡಿದರೆ ಏನೂ ಗೊತ್ತಾಗಲ್ಲ. ಅದರಿಂದ ಊಟಕ್ಕೆ ಇಳಿಯೋ ವಸ್ತುವಿಗೆ ಬಣ್ಣ ಇಲ್ಲ, ಎಷ್ಟೋ ಸಲ ವಾಸನೆಯೂ ಇಲ್ಲ. ಅದಕ್ಕೆ ಬೇರೆಯದೇ ಪರೀಕ್ಷೆ ಬೇಕಾಯಿತು. ಭಾರತೀಯ ಮಾನಕ ಬ್ಯೂರೋದ ಐಎಸ್ 9845 ಅನ್ನೋ ಮಾನಕದಲ್ಲಿ ಆ ಪರೀಕ್ಷೆ ಇದೆ, ಅದರ 1998ರ ಆವೃತ್ತಿ ಬಹಳ ಕಾಲ ಬಳಕೆಯಲ್ಲಿತ್ತು. ಪರೀಕ್ಷೆ ಸರಳ, ಸುಂದರ. ನಿಜವಾದ ಸಾರಿನ ಬದಲು ಸಾರಿನ ಹಾಗೆ ನಡೆದುಕೊಳ್ಳೋ ದ್ರಾವಣ ತಗೋತಾರೆ. ನೀರಿನಂಥ ಪದಾರ್ಥಕ್ಕೆ ಶುದ್ಧ ನೀರು. ಹುಳಿ ಪದಾರ್ಥಕ್ಕೆ 3% ಅಸಿಟಿಕ್ ಆಮ್ಲ, ಅಂದರೆ ಹೆಚ್ಚುಕಮ್ಮಿ ವಿನಿಗರ್. ಎಣ್ಣೆ ಪದಾರ್ಥಕ್ಕೆ ಹೆಪ್ಟೇನ್. ಪ್ಲಾಸ್ಟಿಕ್ಕನ್ನು ಅದರಲ್ಲಿ ಮುಳುಗಿಸಿ, ಬಹಳ ದಿನ ಇಡೋ ಪದಾರ್ಥ ಆದರೆ 40 ಡಿಗ್ರಿಯಲ್ಲಿ 10 ದಿನ, ಬಿಸಿ ತುಂಬೋದಾದರೆ 70 ಡಿಗ್ರಿಯಲ್ಲಿ 2 ಗಂಟೆ ಹೀಗೆ ಇಡ್ತಾರೆ. ಆಮೇಲೆ ಪ್ಲಾಸ್ಟಿಕ್ ತೆಗೆದು ದ್ರಾವಣವನ್ನು ಆವಿ ಮಾಡ್ತಾರೆ. ತಳದಲ್ಲಿ ಉಳಿದದ್ದನ್ನು ತೂಗ್ತಾರೆ. ಅದು ಒಂದು ಕಿಲೋ ಆಹಾರಕ್ಕೆ 60 ಮಿಲಿಗ್ರಾಂ, ಅಥವಾ ಒಂದು ಚದರ ಡೆಸಿಮೀಟರ್ ಪ್ಲಾಸ್ಟಿಕ್ಕಿಗೆ 10 ಮಿಲಿಗ್ರಾಂ ಮೀರಬಾರದು. ಯುರೋಪಿನಲ್ಲೂ ಬಹಳ ಕಾಲ ಇದ್ದದ್ದು ಇದೇ ಅಂಕಿಗಳು.

2006ರಲ್ಲಿ ಹಳೆಯ ಕಲಬೆರಕೆ ಕಾಯ್ದೆಯ ಜಾಗಕ್ಕೆ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಬಂತು, ಅದರಿಂದ ಎಫ್‌ಎಸ್‌ಎಸ್‌ಎಐ ಹುಟ್ಟಿತು. 2018ರ ಡಿಸೆಂಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ ಪ್ಯಾಕೇಜಿಂಗ್‌ಗೆಂದೇ ಪ್ರತ್ಯೇಕ ನಿಬಂಧನೆ ಹೊರಡಿಸಿತು, 2019ರ ಜುಲೈ 1ರಿಂದ ಎಲ್ಲರೂ ಪಾಲಿಸಬೇಕಾಯಿತು. ವಡಾಪಾವ್‌ನ ನ್ಯೂಸ್‌ಪೇಪರಿನಲ್ಲಿ ಸುತ್ತಿ ಕೊಡಬಾರದು ಅನ್ನೋದು ಇದರಲ್ಲೇ ಇದೆ. ಕೊಂಢವಾದಲ್ಲಿ ಒಂದು ಸಂಜೆ ಸುತ್ತಾಡಿ ಬಂದರೆ ಆ ಮಾತು ಎಷ್ಟು ನಡೀತಿದೆ ಅಂತ ನಿಮಗೇ ಗೊತ್ತಾಗುತ್ತೆ. ಪ್ಲಾಸ್ಟಿಕ್ಕಿಗೆ ಅದೇ 60 ಮಿಲಿಗ್ರಾಂ ಮಿತಿ. ಜೊತೆಗೆ ಕೆಲವು ಲೋಹಗಳಿಗೆ ಬೇರೆಬೇರೆ ಮಿತಿ. ಉದಾಹರಣೆಗೆ ಸತುವಿಗೆ ಕಿಲೋಗೆ 25 ಮಿಲಿಗ್ರಾಂ.

ಇದೊಂದು ಒಳ್ಳೆಯ ಕಾನೂನು, ದೊಡ್ಡ ಹೆಜ್ಜೆ. ಆದರೆ ನಾವು ಪ್ರೋಗ್ರಾಮರ್‌ಗಳು ಒಂದು ಟೇಬಲ್ ನೋಡಿದರೆ ಮೊದಲು ಕೇಳೋದು, ಇದರ ಕಾಲಮ್‌ಗಳು ಯಾವುವು ಅಂತ. ಈ ಟೇಬಲ್ಲಿನಲ್ಲಿ ವಸ್ತುವಿನ ಹೆಸರು ಒಂದು ಕಾಲಮ್, ಮಿಲಿಗ್ರಾಂ ಇನ್ನೊಂದು ಕಾಲಮ್. ಕಣದ ಗಾತ್ರಕ್ಕೆ ಕಾಲಮ್ಮೇ ಇಲ್ಲ. ಡೇಟಾಬೇಸಿನಲ್ಲಿ ಕಾಲಮ್ ಇಲ್ಲದ ಸಂಗತಿಯ ಮೇಲೆ ಯಾರೂ ಕ್ವೆರಿ ಬರೆಯೋಕೆ ಆಗಲ್ಲ.

ನ್ಯಾನೋ ಬಂದ ಕಾಲ

ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ನ್ಯಾನೋಮೀಟರ್. 1ರಿಂದ 100 ನ್ಯಾನೋಮೀಟರ್ ಒಳಗಿನ ಕಣಗಳನ್ನು ಸಾಮಾನ್ಯವಾಗಿ ನ್ಯಾನೋ ಅಂತೀವಿ. ಇವು ಪ್ಯಾಕೇಜಿಂಗ್‌ಗೆ ಯಾಕೆ ಬಂದವು ಅಂದರೆ ಕಾರಣ ಗಟ್ಟಿಯಾಗಿದೆ. ಪ್ಲಾಸ್ಟಿಕ್ಕಿನ ಮೂಲಕ ಗಾಳಿ ಸ್ವಲ್ಪಸ್ವಲ್ಪವಾಗಿ ನುಸುಳುತ್ತೆ, ಚಿಪ್ಸ್ ಮೆತ್ತಗಾಗುತ್ತೆ, ಎಣ್ಣೆ ಮುಗ್ಗುತ್ತೆ. ಜಪಾನಿನ ಟೊಯೋಟಾ ಸಂಶೋಧಕರು 1980ರ ದಶಕದಲ್ಲಿ ನೈಲಾನಿಗೆ ಒಂದು ಬಗೆಯ ಜೇಡಿಮಣ್ಣನ್ನು ಬೆರೆಸಿದರು. ಆ ಮಣ್ಣಿನ ಹಾಳೆಗಳು ಬರೀ 1 ನ್ಯಾನೋಮೀಟರ್ ದಪ್ಪ. ಅವರು ಅದನ್ನು ಕಾರಿನ ಭಾಗಕ್ಕೆ ಬಳಸಿದರು. ಆದರೆ ಅಂಥ ಹಾಳೆಗಳು ಪ್ಲಾಸ್ಟಿಕ್ಕಿನಲ್ಲಿ ಅಡ್ಡಡ್ಡ ಹರಡಿಕೊಂಡರೆ ಆಮ್ಲಜನಕ ನೇರವಾಗಿ ನುಗ್ಗೋಕೆ ಆಗಲ್ಲ. ಚಕ್ರವ್ಯೂಹದ ಹಾಗೆ ಸುತ್ತಿ ಸುತ್ತಿ ಬರಬೇಕು. ಆಹಾರದ ಪೊಟ್ಟಣಕ್ಕೆ ಇದಕ್ಕಿಂತ ಬೇಕಾದ್ದೇನು? ತೆಳು ಪ್ಲಾಸ್ಟಿಕ್ಕು, ಹೆಚ್ಚು ದಿನ ಬಾಳಿಕೆ. ಮಣ್ಣಿನ ಜೊತೆಗೆ ಸೂಕ್ಷ್ಮಾಣು ಕೊಲ್ಲೋಕೆ ಬೆಳ್ಳಿ, ಬಿಸಿಲಿನ ನೇರಳಾತೀತ ಕಿರಣ ತಡೆಯೋಕೆ ಸತುವಿನ ಆಕ್ಸೈಡ್ ಹೀಗೆ ಸಾಲು ಬೆಳೆಯಿತು.

ನಮ್ಮ ದೇಶವೂ ಹಿಂದೆ ಉಳಿಯಲಿಲ್ಲ. ಬೆಂಗಳೂರಿನ ಪ್ರೊ. ಸಿ.ಎನ್.ಆರ್. ರಾವ್ ಅವರ ಮುಂದಾಳತ್ವದಲ್ಲಿ ನ್ಯಾನೋ ಮಿಷನ್ 2007ರಲ್ಲಿ ಶುರುವಾಯಿತು. 5 ವರ್ಷಕ್ಕೆ 1000 ಕೋಟಿ ರೂಪಾಯಿ. ಇಲ್ಲಿ ಪುಣೆಯಲ್ಲೂ ಕೆಲಸ ನಡೀತಿತ್ತು. ಪಾಷಾಣ್ ರಸ್ತೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಮುರಳಿ ಶಾಸ್ತ್ರಿ ಅವರ ತಂಡ ಶಿಲೀಂಧ್ರದಿಂದಲೇ ಬೆಳ್ಳಿಯ ನ್ಯಾನೋ ಕಣ ಮಾಡಿಸಬಹುದು ಅಂತ 2001ರಲ್ಲಿ ತೋರಿಸಿತು.

ಇನ್ನು ನಮ್ಮಂಥವರಿಗೆ ಬಹಳ ಹತ್ತಿರದ ಒಂದು ಕಥೆ ಇದೆ. ಕೊಂಢವಾದಿಂದ ಹಡಪ್ಸರ್ ದೂರವೇನಲ್ಲ. ಅಲ್ಲಿ ಟಿಸಿಎಸ್‌ನ ಟಿಆರ್‌ಡಿಡಿಸಿ ಅನ್ನೋ ಸಂಶೋಧನಾ ಕೇಂದ್ರ ಇತ್ತು, 1981ರಲ್ಲಿ ಶುರುವಾದದ್ದು. ಸಾಫ್ಟ್‌ವೇರ್ ಕಂಪನಿಯ ಪ್ರಯೋಗಾಲಯದಲ್ಲಿ ಭತ್ತದ ಹೊಟ್ಟಿನ ಬೂದಿಯಿಂದ ನೀರು ಸೋಸೋ ಕೆಲಸ ನಡೀತಿತ್ತು ಅಂದರೆ ನಂಬ್ತೀರಾ? ‘ಸುಜಲ್’ ಅಂತ ಅದರ ಹೆಸರು. ಆ ಬೂದಿಗೆ ಬೆಳ್ಳಿಯ ನ್ಯಾನೋ ಕಣ ಅಂಟಿಸಿದಾಗ ಅದು ಸೂಕ್ಷ್ಮಾಣುಗಳನ್ನೂ ಕೊಲ್ಲೋ ಹಾಗಾಯಿತು. 2009ರ ಡಿಸೆಂಬರ್‌ನಲ್ಲಿ ಅದು ಟಾಟಾ ಸ್ವಚ್ಛ್ ಅಂತ ಮಾರುಕಟ್ಟೆಗೆ ಬಂತು. ಬೆಲೆ 749 ಮತ್ತು 999 ರೂಪಾಯಿ. ಕರೆಂಟ್ ಬೇಡ, ನಲ್ಲಿ ಒತ್ತಡ ಬೇಡ. ಒಂದು ಬಲ್ಬು 3000 ಲೀಟರ್ ನೀರಿಗೆ. ಅದೇ ವರ್ಷ ಮಾರ್ಚಿನಲ್ಲಿ ನ್ಯಾನೋ ಕಾರು ಬಂದಿತ್ತು. ನ್ಯಾನೋ ಅನ್ನೋ ಪದ ಕಾರಿನಲ್ಲಿ ಬರೀ ಹೆಸರಾಗಿತ್ತು, ನೀರಿನ ಬಲ್ಬಿನಲ್ಲಿ ಮಾತ್ರ ನಿಜವಾಗಿತ್ತು.

ಈ ಫಿಲ್ಟರ್ ಡಬ್ಬಿಯಲ್ಲ, ಪೊಟ್ಟಣವೂ ಅಲ್ಲ. ಆದರೂ ಬಾಯಿಗೆ ಹೋಗೋ ನೀರಿಗೆ ನ್ಯಾನೋ ಬೆಳ್ಳಿ ನೇರವಾಗಿ ತಾಗೋ ವಸ್ತು ಇದು. ಕಾಯಿಲೆ ನೀರು ಕುಡಿಯೋ ಮನೆಗೆ ಇಂಥದ್ದರ ಲಾಭ ದೊಡ್ಡದು, ಅದನ್ನು ಅಲ್ಲಗಳೆಯೋ ಹಾಗಿಲ್ಲ. ಈಗ ನೋಡಿ, ಕುಡಿಯುವ ನೀರಿನಲ್ಲಿ ಬೆಳ್ಳಿ ಎಷ್ಟಿರಬಹುದು ಅಂತ ನಮ್ಮಲ್ಲಿ ಮಾನಕ ಇದೆ. ಐಎಸ್ 10500 ಪ್ರಕಾರ ಲೀಟರಿಗೆ 0.1 ಮಿಲಿಗ್ರಾಂ. ಇದೂ ಮತ್ತೆ ತೂಕವೇ.

ತೂಕ ಸಾಕಾಗಲ್ಲ ಅನ್ನೋದಕ್ಕೆ ಒಂದು ಲೆಕ್ಕ

ಈಗ ಲೆಕ್ಕ ಮಾಡೋಣ. ಪ್ಲಾಸ್ಟಿಕ್ಕಿನಿಂದ ಊಟಕ್ಕೆ ಇಳಿಯೋ ಬೆಳ್ಳಿಗೆ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಎಫ್ಸಾ ಇಟ್ಟುಕೊಂಡ ಮಿತಿ ಕಿಲೋಗೆ 0.05 ಮಿಲಿಗ್ರಾಂ. ಈ 0.05 ಮಿಲಿಗ್ರಾಂ ಬೆಳ್ಳಿಯನ್ನು ಒಂದೇ ಗುಂಡು ಮಾಡಿದರೆ ಅದರ ಅಡ್ಡಳತೆ ಸುಮಾರು 0.2 ಮಿಲಿಮೀಟರ್. ರಾಗಿ ಕಾಳಿಗಿಂತ ಎಷ್ಟೋ ಸಣ್ಣದು, ಆದರೂ ಬೆಳಕಿಗೆ ಹಿಡಿದರೆ ಕಣ್ಣಿಗೆ ಕಾಣುತ್ತೆ. ನುಂಗಿದರೆ ಬಂದ ದಾರಿಯಲ್ಲೇ ಹೊರಗೆ ಹೋಗುತ್ತೆ.

ಅದೇ 0.05 ಮಿಲಿಗ್ರಾಂ ಬೆಳ್ಳಿಯನ್ನು 20 ನ್ಯಾನೋಮೀಟರ್ ಗುಂಡುಗಳಾಗಿ ಮಾಡಿ. ಒಂದೊಂದರ ತೂಕ ಲೆಕ್ಕ ಹಾಕಿ ಭಾಗಿಸಿದರೆ ಗುಂಡುಗಳ ಸಂಖ್ಯೆ ಒಂದು ಲಕ್ಷ ಕೋಟಿಗೂ ಮಿಕ್ಕುತ್ತೆ. ಅವುಗಳ ಒಟ್ಟು ಮೇಲ್ಮೈ ಮೊದಲಿನ ಒಂದು ಗುಂಡಿಗಿಂತ ಹತ್ತು ಸಾವಿರ ಪಟ್ಟು ಹೆಚ್ಚು. ರಾಸಾಯನಿಕ ಕ್ರಿಯೆ ನಡೆಯೋದು ಮೇಲ್ಮೈಯಲ್ಲಿ. ಬೆಳ್ಳಿ ಕರಗಿ ಅಯಾನು ಬಿಡೋದು, ಜೀವಕೋಶಕ್ಕೆ ಅಂಟಿಕೊಳ್ಳೋದು, ಎಲ್ಲ ಅಲ್ಲೇ. ತಕ್ಕಡಿಗೆ ಮಾತ್ರ ಎರಡೂ ಒಂದೇ, 0.05 ಮಿಲಿಗ್ರಾಂ.

ಇದರಿಂದ ನ್ಯಾನೋ ಅಂದರೆ ವಿಷ ಅಂತ ಅರ್ಥವಲ್ಲ. ಹುಳಿ ದ್ರಾವಣದಲ್ಲಿ ಬೆಳ್ಳಿಯ ಕಣ ಎಷ್ಟೋ ಸಲ ಕರಗಿ ಅಯಾನು ಆಗಿಬಿಡುತ್ತೆ. ಆಗ ಗಾತ್ರದ ಪ್ರಶ್ನೆಯೇ ಬರಲ್ಲ, ತೂಕದ ಮಿತಿಯೇ ಸಾಕು. ಪ್ಲಾಸ್ಟಿಕ್ಕಿನೊಳಗೆ ಭದ್ರವಾಗಿ ಹುದುಗಿರೋ ಕಣ ಹೊರಗೇ ಬರದೆ ಇರಬಹುದು. ಇನ್ನು ಕೆಲವು ಸಲ ಕಣವಾಗಿಯೇ ಬರಬಹುದು, ಗೀರು ಬಿದ್ದ ಹಳೆ ಡಬ್ಬಿಯಲ್ಲಿ ಚೂರುಗಳ ಜೊತೆ ಬರಬಹುದು. ಈ ಮೂರರಲ್ಲಿ ಯಾವುದು ಅಂತ ಆವಿ ಮಾಡಿ ತೂಗೋ ಪರೀಕ್ಷೆ ಹೇಳಲ್ಲ. ಅದಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು, ಇಲ್ಲವೇ ಕಣಗಳನ್ನು ಒಂದೊಂದಾಗಿ ಎಣಿಸೋ ಮಾಸ್ ಸ್ಪೆಕ್ಟ್ರೋಮೀಟರ್ ವಿಧಾನ ಬೇಕು.

‘ನಾವು ನೂರಾರು ವರ್ಷದಿಂದ ಸಿಹಿತಿಂಡಿ ಮೇಲೆ ಬೆಳ್ಳಿ ವರಖ್ ತಿಂತಾ ಇಲ್ವಾ’ ಅಂತ ಕೇಳೋರು ಇದ್ದಾರೆ. ಒಳ್ಳೆಯ ಪ್ರಶ್ನೆ. ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ ವರಖ್ ಒಂದು ಚದರ ಮೀಟರಿಗೆ 2.8 ಗ್ರಾಂ ಮೀರಬಾರದು, ಬೆಳ್ಳಿ 1000ಕ್ಕೆ 999 ಪಾಲು ಶುದ್ಧ ಇರಬೇಕು. ಬೆಳ್ಳಿಯ ಸಾಂದ್ರತೆಯಿಂದ ಭಾಗಿಸಿದರೆ ಆ ಮಿತಿಯ ಹಾಳೆಯ ದಪ್ಪ ಸುಮಾರು 267 ನ್ಯಾನೋಮೀಟರ್ ಬರುತ್ತೆ. ತೆಳು ನಿಜ, ಆದರೆ ಅದು ಅಗಲವಾದ ಹಾಳೆ, 20 ನ್ಯಾನೋಮೀಟರ್ ಗುಂಡಲ್ಲ. ಎರಡಕ್ಕೂ ಬೆಳ್ಳಿ ಅನ್ನೋ ಒಂದೇ ಹೆಸರಿದೆ ಅಂತ ಒಂದರ ಅನುಭವವನ್ನು ಇನ್ನೊಂದಕ್ಕೆ ಜಾಮೀನು ಕೊಡೋಕೆ ಬರಲ್ಲ. ಮೇಲಾಗಿ ವರಖ್ ತಿನ್ನೋದು ಹಬ್ಬಕ್ಕೋ ಮದುವೆಗೋ. ಡಬ್ಬಿಯಲ್ಲಿ ಉಣ್ಣೋದು ದಿನಾ.

ಹೊರಗಿನವರು ಏನು ಮಾಡಿದರು

ಈ ತೊಡಕನ್ನು ಅಮೆರಿಕ ಒಂದು ರೀತಿ ಬಿಡಿಸಿತು, ಯುರೋಪ್ ಇನ್ನೊಂದು ರೀತಿ.

ಅಮೆರಿಕದಲ್ಲಿ ಒಂದು ವಸ್ತು ‘ಸೂಕ್ಷ್ಮಾಣು ಕೊಲ್ಲುತ್ತೆ’ ಅಂತ ಹೇಳಿಕೊಂಡರೆ ಅದು ಕೀಟನಾಶಕ ಕಾನೂನಿನಡಿ ಬರುತ್ತೆ, ಪರಿಸರ ಸಂರಕ್ಷಣಾ ಸಂಸ್ಥೆಯಲ್ಲಿ ನೋಂದಣಿ ಆಗಬೇಕು. 2014ರ ಮಾರ್ಚಿನಲ್ಲಿ ಈ ಸಂಸ್ಥೆ ನ್ಯೂಜೆರ್ಸಿಯ ಪಾಥ್‌ವೇ ಇನ್ವೆಸ್ಟ್‌ಮೆಂಟ್ ಅನ್ನೋ ಕಂಪನಿಗೆ, ನ್ಯಾನೋ ಬೆಳ್ಳಿ ಇರೋ ಪ್ಲಾಸ್ಟಿಕ್ ಊಟದ ಡಬ್ಬಿಗಳ ಮಾರಾಟ ನಿಲ್ಲಿಸಿ ಅಂತ ಆದೇಶ ಕೊಟ್ಟಿತು. ಪರೀಕ್ಷೆಯೂ ಆಗಿರಲಿಲ್ಲ, ನೋಂದಣಿಯೂ ಆಗಿರಲಿಲ್ಲ. ಮಾರ್ತಿದ್ದ ದೊಡ್ಡ ಅಂಗಡಿಗಳಿಗೂ ಎಚ್ಚರಿಕೆ ಪತ್ರ ಹೋಯಿತು. ಒಳ್ಳೆಯದೇ. ಆದರೆ ಇಲ್ಲಿ ಸಿಕ್ಕಿಬಿದ್ದದ್ದು ಲೇಬಲ್ಲಿನ ಮಾತು. ಆ ಮಾತು ಹೇಳಿಕೊಳ್ಳದೆ ಬೇರೆ ಕಾರಣಕ್ಕೆ ನ್ಯಾನೋ ಬೆರೆಸಿದ ಡಬ್ಬಿಯನ್ನು ಈ ಬಲೆ ಹಿಡಿಯಲ್ಲ.

ಯುರೋಪ್ ಗಾತ್ರವನ್ನೇ ಹಿಡಿದುಕೊಂಡಿತು. ಜರ್ಮನಿಯ ಅಪಾಯ ಮೌಲ್ಯಮಾಪನ ಸಂಸ್ಥೆ ಬಿಎಫ್‌ಆರ್, ಸಾಕಷ್ಟು ಮಾಹಿತಿ ಸಿಗೋವರೆಗೆ ಆಹಾರದಲ್ಲೂ ದಿನಬಳಕೆ ವಸ್ತುಗಳಲ್ಲೂ ನ್ಯಾನೋ ಬೆಳ್ಳಿ ಬೇಡ ಅಂತ 2009ರ ಕೊನೆಯಲ್ಲೇ ಸಲಹೆ ಕೊಟ್ಟಿತ್ತು. 2011ರಲ್ಲಿ ಬಂದ ಯುರೋಪಿನ ಪ್ಲಾಸ್ಟಿಕ್ ನಿಯಮ, ಅಂದರೆ 10/2011, ಒಂದು ಸ್ಪಷ್ಟ ಮಾತು ಹೇಳಿತು. ಮಾಮೂಲಿ ರೂಪದಲ್ಲಿ ಒಪ್ಪಿಗೆ ಸಿಕ್ಕಿದೆ ಅಂದ ಮಾತ್ರಕ್ಕೆ ನ್ಯಾನೋ ರೂಪಕ್ಕೆ ಒಪ್ಪಿಗೆ ಇಲ್ಲ. ನ್ಯಾನೋ ರೂಪವನ್ನು ಪ್ರತ್ಯೇಕವಾಗಿ ಪರೀಕ್ಷಿಸಿ ಪಟ್ಟಿಯಲ್ಲಿ ಹೆಸರಿಸಿದರೆ ಮಾತ್ರ ಬಳಸಬಹುದು. ನಮ್ಮ ಭಾಷೆಯಲ್ಲಿ ಹೇಳೋದಾದರೆ ವೈಟ್‌ಲಿಸ್ಟ್, ಡೀಫಾಲ್ಟ್ ಡಿನೈ. ಹಾಗೆ ಪರೀಕ್ಷೆ ಪಾಸಾಗಿ ಪಟ್ಟಿ ಸೇರಿದವೂ ಇವೆ. ಪೆಟ್ ಬಾಟಲಿಗೆ ಕಿಲೋಗೆ 20 ಮಿಲಿಗ್ರಾಂ ತನಕ ಟೈಟಾನಿಯಂ ನೈಟ್ರೈಡ್ ನ್ಯಾನೋ ಕಣ ಹಾಕಬಹುದು. ಅಂದರೆ ನಿಯಮ ಬಿಗಿಯಾದರೆ ತಂತ್ರಜ್ಞಾನ ಸತ್ತುಹೋಗುತ್ತೆ ಅನ್ನೋ ಭಯ ಸುಳ್ಳು. ಬಾಗಿಲಿದೆ, ಬಾಗಿಲಲ್ಲಿ ಕೇಳೋರು ಇದ್ದಾರೆ, ಅಷ್ಟೆ.

ಆದರೂ ಯುರೋಪಿನಲ್ಲೂ ಎಲ್ಲ ನೇರ ಇಲ್ಲ. ಟೈಟಾನಿಯಂ ಡೈಆಕ್ಸೈಡ್ ಅನ್ನೋ ಬಿಳಿ ಬಣ್ಣವನ್ನು ನೋಡಿ. ಇದು ನ್ಯಾನೋ ಅಂತ ಯಾರೂ ಮಾರಿದ್ದಲ್ಲ, ದಶಕಗಳಿಂದ ಮಿಠಾಯಿ, ಚೂಯಿಂಗ್ ಗಮ್‌ನಲ್ಲಿ ಇದ್ದದ್ದು. ಅಳೆದು ನೋಡಿದಾಗ ಅದರ ಕಣಗಳಲ್ಲಿ ಗಣನೀಯ ಪಾಲು 100 ನ್ಯಾನೋಮೀಟರಿಗಿಂತ ಸಣ್ಣದು ಅಂತ ಗೊತ್ತಾಯಿತು. ಫ್ರಾನ್ಸ್ 2020ರಿಂದ ಆಹಾರದಲ್ಲಿ ನಿಲ್ಲಿಸಿತು. ವಂಶವಾಹಿಗೆ ಹಾನಿ ಆಗಲ್ಲ ಅಂತ ಖಚಿತವಾಗಿ ಹೇಳೋಕೆ ಆಗಲ್ಲ ಅಂತ ಎಫ್ಸಾ 2021ರಲ್ಲಿ ಹೇಳಿತು, 2022ರಲ್ಲಿ ಇಡೀ ಯುರೋಪ್ ಒಕ್ಕೂಟ ಆಹಾರದಲ್ಲಿ ನಿಷೇಧಿಸಿತು. ಆದರೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಎಫ್‌ಎಒದ ಜಂಟಿ ತಜ್ಞರ ಸಮಿತಿ 2023ರಲ್ಲಿ ಅದೇ ದಾಖಲೆಗಳ ರಾಶಿ ನೋಡಿ, ಹಳೆಯ ಅಭಿಪ್ರಾಯ ಬದಲಿಸಬೇಕಾದ್ದಿಲ್ಲ ಅಂದಿತು. ಹಾಲಿನ ಪ್ಯಾಕೆಟ್ಟನ್ನು ಬೆಳ್ಳಗೆ ಮಾಡೋದೂ ಸಾಮಾನ್ಯವಾಗಿ ಇದೇ ಬಣ್ಣ. ಅಲ್ಲಿ ಅದು ಪ್ಲಾಸ್ಟಿಕ್ಕಿನೊಳಗೆ ಹುದುಗಿರೋದರಿಂದ ಲೆಕ್ಕ ಬೇರೆ. ಹಾಗಾಗಿ ಗಾಬರಿ ಬಿದ್ದು ಹಾಲು ಬಿಡಬೇಡಿ. ನಾನು ಹೇಳೋದಿಷ್ಟೇ, ಹೊಸದು ಅಂತ ಬಂದದ್ದರಲ್ಲಿ ಮಾತ್ರ ನ್ಯಾನೋ ಇರುತ್ತೆ ಅಂದುಕೊಳ್ಳೋ ಹಾಗಿಲ್ಲ, ಹಳೆಯ ಲೆಗಸಿ ಕೋಡಿನಲ್ಲೂ ಇರುತ್ತೆ.

ನಮ್ಮಲ್ಲಿ ಆಗಬೇಕಾದ್ದು

2020ರ ಜುಲೈನಲ್ಲಿ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ, ಕೃಷಿ ಇಲಾಖೆ ಮತ್ತು ಎಫ್‌ಎಸ್‌ಎಸ್‌ಎಐ ಜೊತೆ ಸೇರಿ ಒಂದು ಮಾರ್ಗಸೂಚಿ ಹೊರತಂದಿತು. ನ್ಯಾನೋ ಆಧಾರಿತ ಗೊಬ್ಬರ, ಔಷಧಿಯಂಥ ಕೃಷಿ ಸಾಮಗ್ರಿಗಳನ್ನೂ ಆಹಾರ ಉತ್ಪನ್ನಗಳನ್ನೂ ಹೇಗೆ ಮೌಲ್ಯಮಾಪನ ಮಾಡಬೇಕು ಅಂತ ಅದರಲ್ಲಿದೆ. ಕಣದ ಗಾತ್ರ, ಆಕಾರ, ಮೇಲ್ಮೈ ಬಗ್ಗೆ ಕೇಳೋ ಭಾಷೆ ನಮ್ಮ ಸರ್ಕಾರಿ ಕಾಗದಕ್ಕೆ ಬಂದದ್ದು ದೊಡ್ಡ ವಿಷಯ. ಆದರೆ ನ್ಯಾನೋ ಮಿಷನ್ ಶುರುವಾದದ್ದು 2007ರಲ್ಲಿ, ಮಾರ್ಗಸೂಚಿ 2020ರಲ್ಲಿ. 13 ವರ್ಷದ ಅಂತರ. ಪ್ರಾಡಕ್ಟ್ ರಿಲೀಸ್ ಆಗಿ 13 ವರ್ಷ ಆದಮೇಲೆ ಟೆಸ್ಟ್ ಪ್ಲಾನ್ ಬರೆದ ಹಾಗೆ. ಮೇಲಾಗಿ ಮಾರ್ಗಸೂಚಿ ಬೇರೆ, ಕಾನೂನು ಬೇರೆ. ಮಾರ್ಗಸೂಚಿ ದಾರಿ ತೋರಿಸುತ್ತೆ, ಅಂಗಡಿಯಿಂದ ಡಬ್ಬಿಯನ್ನು ಕೆಳಗಿಳಿಸೋ ಶಕ್ತಿ ನಿಬಂಧನೆಗೆ ಮಾತ್ರ ಇರುತ್ತೆ.

ಕಾಗದದ ಮೇಲೆ ನಿಬಂಧನೆ ಬಂದರೂ ಸಾಕಾಗಲ್ಲ ಅನ್ನೋದಕ್ಕೆ ನಮಗೆಲ್ಲ ನೆನಪಿರೋ ಒಂದು ಪ್ರಕರಣ ಇದೆ. 2015ರ ಮ್ಯಾಗಿ. ಅದರಲ್ಲಿ ಸೀಸ ಹೆಚ್ಚಿದೆ ಅಂತ ಜೂನ್ 5ರಂದು ಎಫ್‌ಎಸ್‌ಎಸ್‌ಎಐ ಇಡೀ ದೇಶದಲ್ಲಿ ಮಾರಾಟ ನಿಲ್ಲಿಸಿತು. ಆಗಸ್ಟ್ 13ರಂದು ಬಾಂಬೆ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಕಾರಣಗಳಲ್ಲಿ ಮುಖ್ಯವಾದ ಎರಡು: ಕಂಪನಿಯ ಮಾತನ್ನು ಸರಿಯಾಗಿ ಕೇಳಲಿಲ್ಲ, ಪರೀಕ್ಷೆ ಮಾಡಿದ ಪ್ರಯೋಗಾಲಯಗಳಿಗೆ ಬೇಕಾದ ಮಾನ್ಯತೆ ಇರಲಿಲ್ಲ. ಮಾನ್ಯತೆ ಇರೋ ಪ್ರಯೋಗಾಲಯಗಳಲ್ಲಿ ಮತ್ತೆ ಪರೀಕ್ಷೆ ಮಾಡಿಸಿ ಅಂದಿತು. ಮ್ಯಾಗಿ ಪಾಸಾಗಿ ನವೆಂಬರ್‌ನಲ್ಲಿ ಅಂಗಡಿಗೆ ವಾಪಸ್ ಬಂತು. ಅದೇ ಡಿಸೆಂಬರ್‌ನಲ್ಲಿ ಸರ್ಕಾರದ ಇನ್ನೊಂದು ದಾವೆಯಲ್ಲಿ ಸುಪ್ರೀಂ ಕೋರ್ಟ್ ಪರೀಕ್ಷೆಯನ್ನು ಎಲ್ಲಿಗೆ ಕಳಿಸಿತು ಗೊತ್ತಾ? ನಮ್ಮ ಮೈಸೂರಿಗೆ, ಸಿಎಫ್‌ಟಿಆರ್‌ಐಗೆ.

ಇದರಿಂದ ಕಲಿಯೋದು ಏನು? ಸೀಸ ಹಳೆಯ ಶತ್ರು. ಅದನ್ನು ಅಳೆಯೋ ವಿಧಾನ ಜಗತ್ತಿಗೆಲ್ಲ ಗೊತ್ತು. ಅಂಥ ಸೀಸದ ಅಂಕಿಯೇ ಪ್ರಯೋಗಾಲಯದ ಮಾನ್ಯತೆ ಇಲ್ಲ ಅನ್ನೋ ಕಾರಣಕ್ಕೆ ಕೋರ್ಟಿನಲ್ಲಿ ನಿಲ್ಲಲಿಲ್ಲ. ನಾಳೆ ಯಾವುದೋ ಡಬ್ಬಿಯಿಂದ 20 ನ್ಯಾನೋಮೀಟರ್ ಬೆಳ್ಳಿ ಸಾರಿಗೆ ಇಳೀತು ಅಂತ ಒಬ್ಬ ಆಹಾರ ಸುರಕ್ಷತಾ ಅಧಿಕಾರಿ ಕೇಸ್ ಹಾಕಿದರೆ, ಆ ಕಣವನ್ನು ಎಣಿಸೋ ಒಪ್ಪಿತ ವಿಧಾನ, ಮಾನ್ಯತೆ ಇರೋ ಯಂತ್ರ, ಹೋಲಿಸಿ ನೋಡೋಕೆ ಮಾದರಿ ವಸ್ತು ಇವೆಲ್ಲ ಅವರ ಕೈಯಲ್ಲಿ ಇರಬೇಕು. ಇಲ್ಲದಿದ್ದರೆ ನಿಜವಾಗಿ ಅಪಾಯ ಇದ್ದರೂ ಕೇಸ್ ಬಿದ್ದುಹೋಗುತ್ತೆ. ಅಪಾಯ ಇಲ್ಲದಿದ್ದರೂ ಒಂದು ಒಳ್ಳೆಯ ಕಂಪನಿಯ ಹೆಸರು ತಿಂಗಳುಗಟ್ಟಲೆ ಟಿವಿಯಲ್ಲಿ ಹಾಳಾಗುತ್ತೆ. ಎರಡೂ ನಷ್ಟವೇ.

ಈ ಮಾತಿಗೆ ಈಗ ಅವಸರವೂ ಇದೆ. ಕರ್ನಾಟಕ 2016ರ ಮಾರ್ಚಿನಲ್ಲಿ, ಮಹಾರಾಷ್ಟ್ರ 2018ರ ಮಾರ್ಚಿನಲ್ಲಿ ಬಹಳಷ್ಟು ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿದವು. ಒಳ್ಳೆಯ ಉದ್ದೇಶ. ಆದರೆ ಪ್ಲಾಸ್ಟಿಕ್ ಬಿಟ್ಟ ಜಾಗಕ್ಕೆ ಬರೋ ಕಾಗದ, ಪಿಷ್ಟ, ಕಬ್ಬಿನ ಸಿಪ್ಪೆಯ ಡಬ್ಬಿಗಳಿಗೆ ನೀರು, ಎಣ್ಣೆ ತಡೆಯೋ ಶಕ್ತಿ ಕಡಿಮೆ. ಆ ಕೊರತೆ ತುಂಬೋಕೆ ಸಂಶೋಧಕರು ಕೈಯಿಡೋದು ನ್ಯಾನೋ ಮಣ್ಣು, ನ್ಯಾನೋ ಸೆಲ್ಯುಲೋಸ್‌ಗೇ. ‘ಇಕೋ ಫ್ರೆಂಡ್ಲಿ’ ಅಂತ ಹಸಿರು ಎಲೆ ಚಿತ್ರ ಇದ್ದರೆ ನಾವು ಏನೂ ಕೇಳಲ್ಲ. ಅಜ್ಜಿ ಹಿತ್ತಾಳೆ ಪಾತ್ರೆಯೊಳಗೆ ಇಣುಕಿ ನೋಡ್ತಿದ್ದರಲ್ಲ, ಆ ಅಭ್ಯಾಸ ನಾವು ಕಳಕೊಂಡಿದ್ದೇವೆ.

ನನ್ನ ಮಟ್ಟಿಗೆ ಆಗಬೇಕಾದ್ದು ಮೂರು. ಮೊದಲನೆಯದು, 2018ರ ಪ್ಯಾಕೇಜಿಂಗ್ ನಿಬಂಧನೆಯ ಟೇಬಲ್ಲಿಗೆ ಗಾತ್ರದ ಕಾಲಮ್ ಬರಬೇಕು, ಪ್ರತ್ಯೇಕವಾಗಿ ಒಪ್ಪಿಗೆ ಪಡೆಯದ ನ್ಯಾನೋ ರೂಪ ಊಟಕ್ಕೆ ತಾಗಬಾರದು. ಎರಡನೆಯದು, ಪುರಾವೆ ತರೋ ಹೊಣೆ ಮಾರೋನ ಮೇಲಿರಬೇಕು, ಉಣ್ಣೋನ ಮೇಲಲ್ಲ. ಮೂರನೆಯದು, ಮೈಸೂರಿನಂಥ ಕಡೆ ಕಣ ಎಣಿಸೋ ಪರೀಕ್ಷೆಗೆ ಕೋರ್ಟ್ ಒಪ್ಪೋ ಮಾನ್ಯತೆ ಸಿಗಬೇಕು. 75 ವರ್ಷದ ಅನುಭವ ಇರೋ ಊರಿಗೆ ಇದು ಆಗದ ಕೆಲಸವಲ್ಲ.

ಅಲ್ಲಿವರೆಗೆ ಮನೆಯಲ್ಲಿ ಏನು ಮಾಡೋದು ಅಂತ ಕೇಳ್ತೀರಿ, ಗೊತ್ತು. ಡಬ್ಬಿಯ ಮೇಲೆ ನ್ಯಾನೋ ಅಂತ ಕಂಡರೆ ಅದನ್ನು ಮೆಚ್ಚುಗೆ ಅಂತ ಓದಬೇಡಿ, ಪ್ರಶ್ನೆ ಅಂತ ಓದಿ. ಯಾವ ವಸ್ತು, ಯಾರು ಪರೀಕ್ಷಿಸಿದರು, ಹುಳಿಯಲ್ಲಿ ಪರೀಕ್ಷಿಸಿದರಾ ಅಂತ ಕಂಪನಿಗೆ ಒಂದು ಮೇಲ್ ಹಾಕಿ. ಉತ್ತರ ಬರದಿದ್ದರೆ ಅದೂ ಒಂದು ಉತ್ತರವೇ. ಬಿಸಿ ಸಾರು, ಹುಳಿ, ಉಪ್ಪಿನಕಾಯಿಗೆ ಸ್ಟೀಲು, ಗಾಜು, ಪಿಂಗಾಣಿ ಸಾಕು. ಗೀರುಬಿದ್ದ ಪ್ಲಾಸ್ಟಿಕ್ ಡಬ್ಬಿಯನ್ನು ಅದು ಯಾವುದೇ ಬ್ರ್ಯಾಂಡಿನದಾಗಲಿ ಸಾಮಾನು ತುಂಬೋಕೆ ಇಟ್ಟುಕೊಳ್ಳಿ, ಊಟಕ್ಕೆ ಬೇಡ. ಮತ್ತೆ ಎಫ್‌ಎಸ್‌ಎಸ್‌ಎಐ ಯಾವುದಾದರೂ ಕರಡು ನಿಬಂಧನೆ ಹೊರಡಿಸಿದಾಗ ಸಾರ್ವಜನಿಕರ ಅಭಿಪ್ರಾಯಕ್ಕೆ ಕಾಲಾವಕಾಶ ಕೊಡುತ್ತೆ. ಅಲ್ಲಿ ಹೆಚ್ಚಾಗಿ ಬರೆಯೋದು ಉದ್ಯಮದವರು. ದಿನಾ ಕೋಡ್ ರಿವ್ಯೂನಲ್ಲಿ ಒಬ್ಬರ ತಪ್ಪು ಇನ್ನೊಬ್ಬರು ಹಿಡಿಯೋ ನಾವು ಅಲ್ಲೂ ನಾಲ್ಕು ಸಾಲು ಬರೆಯಬಹುದು.

ಇವತ್ತಿಗೆ ಇಷ್ಟು. ನಿಮ್ಮೂರಿನಲ್ಲಿ ಕಲಾಯಿ ಹಾಕೋರು ಇನ್ನೂ ಇದ್ದಾರಾ, ತಿಳಿಸಿ. ಮುಂದಿನ ಮಾತಿನಲ್ಲಿ ಸಿಗೋಣ, ನಮಸ್ಕಾರ.